ಮೂರನೆಯ ನುಡಿಗೆ ಆರತಿ

ಮಠದ ಉಗ್ರಾಣ ನೋಡಿಕೊಳ್ಳುವ ಅಡಿವೆಪ್ಪ ಒಂದು ಮುಂಜಾನೆ ಮಠದ ಸ್ವಾಮಿಗಳಾದ ಅಜ್ಜನವರ ಮುಂದೆ ಕೈಮುಗಿದು ಕುಳಿತು ಕೇಳಿದ:

"ಅಪ್ಪಾವರೆ, ಹೊಳೆಯಾಚೆಯ ಭಜನಾ ಮೇಳ ತಮಗೆ ಗೊತ್ತಿರುವುದೇ. ಅವರ ಮೊದಲ ನಾಲ್ಕು ಕ್ಯಾಸೆಟ್ಟು ನಮ್ಮ ಸೀಮೆಯ ಮನೆಮನೆಯಲ್ಲಿದ್ದವು. ಆಮೇಲೆ ಅವರು ದಮ್ಮಡಿ ಬಡಿಯುವುದು ಬಿಟ್ಟರು, ಕುಣಿತ ಬಿಟ್ಟರು, ಏಕತಾರಿ ಒಂದನ್ನೇ ಹಿಡಿದು ಇನ್ನೆರಡು ಕ್ಯಾಸೆಟ್ಟು ಹಾಡಿದರು. ಇವರಿಗೆ ಹಾಡುವುದೇ ಮರೆತಿದೆ ಎಂದು ನಾವೆಲ್ಲ ಆಡಿಕೊಂಡೆವು. ನಾನಂತೂ ಅಂಗಡಿಗೆ ಹೋಗಿ ಎರಡನ್ನೂ ತಿರುಗಿ ಕೊಟ್ಟು ಬಂದೆ. ಏಳನೆಯದು ಬರಲೇ ಇಲ್ಲ. ಈಗ ಇಪ್ಪತ್ತು ವರ್ಷದ ಮೇಲೆ ಆ ಎರಡನ್ನು ಮತ್ತೆ ಕೇಳಿದೆ. ಮೊದಲಿನ ನಾಲ್ಕಕ್ಕಿಂತ ಇವೇ ತೂಕದವು. ಬರುವ ಹುಣ್ಣಿಮೆಗೆ ಅವರನ್ನು ಮಠಕ್ಕೆ ಕರೆಸಿ, ತುಂಬಿದ ಸಭೆಯಲ್ಲಿ ಈ ಮಾತು ಹೇಳಬೇಕೆಂದಿದ್ದೇನೆ. ಹೇಳಿದರೆ ಹಳೆಯ ತಪ್ಪು ಕಳೆದಂತೆ ಅಲ್ಲವೇ?"

ಅಜ್ಜನವರು ಒಂದು ಕಥೆ ಹೇಳತೊಡಗಿದರು.

ಒಂದೂರಿನಲ್ಲಿ ಒಬ್ಬ ನೇಕಾರನಿದ್ದ. ಪದ ಕಟ್ಟುತ್ತಿದ್ದ, ಹಾಡುತ್ತಿದ್ದ. ಅವನ ಜೊತೆ ಇನ್ನು ಮೂವರು ಸೇರಿ ಒಂದು ಮೇಳವಾಗಿತ್ತು. ಅವರು ಕಾಲಿಗೆ ಗೆಜ್ಜೆ ಕಟ್ಟಿ, ದಮ್ಮಡಿ ಬಡಿದು ಹಾಡಲು ನಿಂತರೆ ಕುಳಿತವರು ಕುಳಿತಲ್ಲಿ ಇರುತ್ತಿರಲಿಲ್ಲ.

ಪಕ್ಕದ ಊರಿನಲ್ಲಿ ಒಬ್ಬ ಗಾಣಿಗನಿದ್ದ. ಆ ಮೇಳವೆಂದರೆ ಅವನಿಗೆ ಪ್ರಾಣ. ಪ್ರತಿ ಶ್ರಾವಣದಲ್ಲಿ ಒಂದು ಸೋಮವಾರ ಅವರನ್ನು ಮನೆಗೆ ಕರೆಸುತ್ತಿದ್ದ. ಗಾಣದ ಸುತ್ತ ಎತ್ತಿನ ಹಿಂದೆ ನಡೆಯುವಾಗಲೂ ಅವರ ಪದವನ್ನೇ ಗುನುಗುತ್ತಿದ್ದ.

ಆ ಸೀಮೆಯಲ್ಲಿ ಒಂದು ಕಟ್ಟಳೆ. ಮೇಳ ಮನೆಗೆ ಬಂದು ಕುಳಿತರೆ ಎಷ್ಟು ಹೊತ್ತು ಹಾಡಬೇಕು ಎಂಬುದು ಮೇಳದವರ ಕೈಯಲ್ಲಿಲ್ಲ. ಮನೆಯವರು ಆರತಿ ಹಚ್ಚಿದರೆ ಪದ ನಿಲ್ಲಬೇಕು, ಮಂಗಳ ಹಾಡಿ ಏಳಬೇಕು. ಆರತಿ ಹಚ್ಚುವ ತನಕ ಏಳುವಂತಿಲ್ಲ. ಹಚ್ಚಿದ ಮೇಲೆ ಹಾಡುವಂತಿಲ್ಲ.

ಒಂದು ವರ್ಷ ಮೇಳ ಬರಲಿಲ್ಲ. ಯಾಕೆ ಬರಲಿಲ್ಲ ಎಂದು ಯಾರೂ ಕೇಳಲಿಲ್ಲ. ಮರುವರ್ಷ ಬಂದರು. ಗೆಜ್ಜೆ ಇರಲಿಲ್ಲ, ದಮ್ಮಡಿಯೂ ಇರಲಿಲ್ಲ. ನಾಲ್ವರೂ ಚಾಪೆಯ ಮೇಲೆ ಕುಳಿತರು. ನೇಕಾರ ಏಕತಾರಿ ಮೀಟಿ ಹೊಸ ಪದವೊಂದನ್ನು ತೆಗೆದ. ಒಂದು ಸಾಲು ಹಾಡಿ ನಿಲ್ಲುವನು. ಮುಂದಿನ ಸಾಲು ಬರುವಷ್ಟರಲ್ಲಿ ಕೇಳುವವರು ಎರಡು ಸಲ ಉಸಿರು ಎಳೆದಿರುತ್ತಿದ್ದರು.

ಮೊದಲ ನುಡಿಯಲ್ಲಿ ಒಬ್ಬ ಅತಿಥಿ ಬಾಗಿಲಿಗೆ ಬರುತ್ತಾನೆ. ಎರಡನೆಯದರಲ್ಲಿ ಮನೆಯಾಕೆ ಅವನನ್ನು ಕೂರಿಸಿ ನೀರು ಕೊಡುತ್ತಾಳೆ. ಮೂರನೆಯದರಲ್ಲಿ ಅವನು ನೀರು ಕುಡಿದು, ತಂಬಿಗೆ ಕೆಳಗಿಟ್ಟು, ತಾನು ಬಂದ ಕಾರಣ ಹೇಳಲು ಬಾಯಿ ತೆರೆಯುತ್ತಾನೆ.

ಜನ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಗಾಣಿಗನಿಗೆ ತಾನೇ ಕರೆದು ತಾನೇ ಕೆಟ್ಟಂತಾಯಿತು. ಪಕ್ಕದವನ ಕಿವಿಯಲ್ಲಿ, ಎಲ್ಲರಿಗೂ ಕೇಳುವಂತೆ ಅಂದ: "ಈ ಅತಿಥಿ ಒಂದು ತಂಬಿಗಿ ನೀರು ಕುಡಿಯೂದ್ರಾಗ ನಮ್ಮ ಎತ್ತು ಕೆರಿ ಬತ್ತಸ್ತಾವ."

ನಗೆ ಎದ್ದಿತು. ಅವನು ಆರತಿ ತರುವಂತೆ ಹೆಂಡತಿಗೆ ಕಣ್ಣು ಮಾಡಿದ.

"ಪದಾ ಮುಗಿದಿಲ್ರೀ," ಅಂದಳು ಆಕೆ.

"ತಾಟು ತಾ ಅಂದ್ನೆಲ್ಲ."

ಆಕೆ ಆರತಿ ಹಚ್ಚಿ ತಂದಳು. ನೇಕಾರ ದೀಪ ನೋಡಿದ. ತೆರೆದ ಬಾಯಿ ಮುಚ್ಚಿ, ಮಂಗಳ ಎತ್ತಿದ. ಹೋಗುವಾಗ ಹೊಸ್ತಿಲಲ್ಲಿ ನಿಂತು, "ಇನ್ನ ಎರಡು ನುಡಿ ಇದ್ದೂವು," ಎಂದ.

"ಇರಲಿ ಬಿಡ್ರಿ," ಅಂದ ಗಾಣಿಗ. "ಮುಂದಿನ ಸಲ ಗೆಜ್ಜಿ ಕಟ್ಟಿಕೊಂಡು ಬರ್ರಿ. ದೀಪದಾಗಿನ ಎಣ್ಣಿ ತೀರೂತನಕ ಕೂಡ್ತೀವಿ. ಎಣ್ಣಿಗೇನ್ ನಮ್ಮಲ್ಲಿ ಬರಾ ಇಲ್ಲ."

ಮಾತು ಊರೂರಿಗೆ ಹೋಯಿತು. ಮೇಳ ಆ ವರ್ಷ ಎಂಟು ಮನೆಯಲ್ಲಿ ಕುಳಿತಿತು. ಎಂಟೂ ಮನೆಯಲ್ಲಿ ಮೂರನೆಯ ನುಡಿಗೆ ಆರತಿ ಬಂತು. ಮಾತು ಉದ್ದ ಮಾಡುವವನನ್ನು ಕಂಡರೆ "ಏ, ಆರತಿ ತರ್ರಿ" ಅನ್ನುವುದೇ ಒಂದು ಗಾದೆಯಾಯಿತು. ಅದನ್ನು ಮೊದಲು ಮಾಡಿದವನು ತಾನೆಂದು ಗಾಣಿಗ ಸಂತೆಯಲ್ಲಿ ಹೇಳಿಕೊಳ್ಳುತ್ತಿದ್ದ.

ಮರುವರ್ಷ ಮೇಳದವರು ಗೆಜ್ಜೆ ಕಟ್ಟಿ ಬಂದರು. ದಮ್ಮಡಿ ಬಡಿದರು, ಹಳೆಯದನ್ನೇ ಹಾಡಿದರು. "ಬುದ್ಧಿ ಬಂತು," ಅಂದರು ಜನ. ಅಲ್ಲಿಂದ ಮುಂದೆ ಅವರು ಹೊಸ ಪದ ತೆಗೆಯಲಿಲ್ಲ.

ಆ ಮೊದಲ ಆರತಿಯಾಗಿ ಒಂಬತ್ತು ವರ್ಷ ಕಳೆಯಿತು. ಗಾಣಿಗನ ಹೆಂಡತಿ ಹಾಸಿಗೆ ಹಿಡಿದಳು. ವೈದ್ಯರು ಕೈಚೆಲ್ಲಿದರು. ಒಂದು ದಿನ ಆಕೆ ಮಲಗಿದಲ್ಲೇ ಏನನ್ನೋ ಹಾಡಿಕೊಳ್ಳುತ್ತಿದ್ದಳು. ಗಾಣಿಗ ಕಿವಿಗೊಟ್ಟ. ಅದೇ ಪದ. ಒಂದು ಸಾಲು ಹಾಡುವಳು, ಉಸಿರು ತೆಗೆದುಕೊಳ್ಳುವಳು, ಮತ್ತೊಂದು ಸಾಲು ಹಾಡುವಳು. ಎರಡು ಉಸಿರಿನ ಆ ಜಾಗ ಯಾಕೆ ಬಿಟ್ಟಿತ್ತು ಎಂಬುದು ಅವನಿಗೆ ಅಂದು ತಿಳಿಯಿತು. ಮೂರು ನುಡಿ ಮುಗಿಸಿ ಆಕೆ ಕೇಳಿದಳು:

"ಆ ಅತಿಥಿ ಮುಂದ ಏನು ಹೇಳಿದ? ಒಂಬತ್ತು ವರ್ಷದಿಂದ ಅದನ್ನ ಕೇಳಬೇಕಂತೀನಿ. ನಿಮ್ಮನ್ನ ಕೇಳಿದರ ನಗ್ತಿದ್ರಿ."

ಗಾಣಿಗ ಎದ್ದವನೇ ಚಪ್ಪಲಿ ಮೆಟ್ಟದೆ ನೇಕಾರನ ಊರಿಗೆ ಹೋದ. ನೇಕಾರ ಮಗ್ಗದಲ್ಲಿದ್ದ. ಗಾಣಿಗ ಅವನ ಕಾಲು ಹಿಡಿದ.

"ನಾವು ಕುರುಡರಿದ್ವಿ. ನಿಮ್ಮ ಹಳೇ ಪದ ಮೈಗೆ ಹಾಡಿದ್ದು. ಆವತ್ತಿಂದು ಜೀವಕ್ಕ ಹಾಡಿದ್ದು. ಈಗ ತಿಳೀತು."

"ಹೌದು, ಈಗೀಗ ಭಾಳ ಮಂದಿಗೆ ತಿಳ್ಯಾಕತ್ತೈತಿ," ಅಂದ ನೇಕಾರ. "ಮೊನ್ನಿ ಒಬ್ಬ ಮಾಸ್ತರ ಬಂದಿದ್ದ. ತನಗ ಆವಾಗಲೇ ತಿಳಿದಿತ್ತಂತ. ಅವನ ಮನಿಯಾಗೂ ಮೂರಕ್ಕೇ ಆರತಿ ಬಂದಿತ್ತು."

ಅಷ್ಟು ಹೇಳಿ, ಗಾಣಿಗನಿಂದ ಅವನ ಹೆಂಡತಿಯ ವಿಷಯ ಕೇಳಿದ ಮೇಲೆ ಏಕತಾರಿ ತೆಗೆದುಕೊಂಡು ಹೊರಟ. ಮೇಳದ ಉಳಿದವರು ಯಾರೂ ಇರಲಿಲ್ಲ. ಹಾಸಿಗೆಯ ಬದಿಗೆ ಚಾಪೆ ಹಾಕಿದರು. ಅವನು ಹಾಡಿದ. ಅತಿಥಿ ಬಂದ, ನೀರು ಕುಡಿದ, ತಂಬಿಗೆ ಕೆಳಗಿಟ್ಟ. ಮೂರನೆಯ ನುಡಿ ಮುಗಿಯಿತು. ನೇಕಾರ ನಿಲ್ಲಿಸಿದ.

ಎರಡು ಉಸಿರಿನಷ್ಟು ಕಾದರು. ಮತ್ತೂ ಕಾದರು.

"ಮುಂದ?" ಅಂದ ಗಾಣಿಗ.

"ಮುಂದ ಇಲ್ಲ."

"ಎರಡು ನುಡಿ ಇದ್ದೂವು ಅಂತ ನೀವೇ ಹೇಳಿದ್ರೆಲ್ಲ."

"ಇದ್ದೂವು. ಎಂಟು ಮನಿಯಾಗ ಹಾಡಾಕ ಹೋದೆ. ಒಂದರಾಗೂ ಬಾಯಿಗೆ ಬರಲಿಲ್ಲ. ಬಾಯಿಗೆ ಬರದ್ದು ಎಷ್ಟು ವರ್ಷ ಉಳಿದೀತು?"

"ಕಟ್ಟಿದವರು ನೀವು. ಮತ್ತ ಕಟ್ರಿ."

"ಕಟ್ಟಿದಾಂವ ಬ್ಯಾರೆ. ನಾ ಗೆಜ್ಜಿ ಕಟ್ಟಾಂವ." ಸ್ವಲ್ಪ ತಡೆದು ನೇಕಾರ ಕೇಳಿದ: "ಹಳೇದೊಂದು ಹಾಡ್ಲೇನು? ನಿಮಗ ಅದು ಸೇರ್ತದ."

ಗಾಣಿಗ ಬೇಡವೆಂದು ಕೈ ಅಲ್ಲಾಡಿಸಿದ. ನೇಕಾರ ಏಕತಾರಿಯನ್ನು ತೊಡೆಯ ಮೇಲಿಟ್ಟುಕೊಂಡು ಕುಳಿತೇ ಇದ್ದ. ಹಾಡುವುದಕ್ಕೆ ಇಲ್ಲ, ಏಳುವಂತಿಲ್ಲ. ಹಾಸಿಗೆಯಲ್ಲಿದ್ದವಳು ಇದನ್ನು ನೋಡಿದಳು. ಗಂಡನಿಗೆ ಮೆಲ್ಲಗೆ ಹೇಳಿದಳು:

"ಆರತಿ ಹಚ್ರಿ. ಪಾಪ, ಅವರು ಎಷ್ಟೊತ್ತು ಹಂಗ ಕೂಡಬೇಕು. ನನಗ ಏಳಾಕ ಆಗೂದಿಲ್ಲ."

ಗಾಣಿಗ ಎದ್ದು ತನ್ನ ಕೈಯಿಂದಲೇ ಆರತಿ ಹಚ್ಚಿದ. ನೇಕಾರ ಮಂಗಳ ಹಾಡಿ ಹೋದ. ಆಕೆ ಗೋಡೆಯ ಕಡೆಗೆ ಹೊರಳಿದಳು. ಆ ವಾರವೇ ತೀರಿಕೊಂಡಳು.

ಅಜ್ಜನವರು ಇಲ್ಲಿಗೆ ನಿಲ್ಲಿಸಿದರು.

ಅಡಿವೆಪ್ಪ, "ಅಪ್ಪಾವರೆ, ಹಾಗಾದರೆ ಹುಣ್ಣಿಮೆಗೆ ಅವರನ್ನು ಕರೆಸುವುದು ಬೇಡವೇ?" ಎಂದ.

"ಕರೆಸು, ಹೊಗಳು. ಆದರೆ ಹಾಡಿದ್ದು ಅವರದು, ಹಾಡದೆ ಉಳಿದ ಏಳನೆಯದರ ಲೆಕ್ಕ ನಿನ್ನದು," ಎಂದರು ಅಜ್ಜನವರು.