ನೇಪಾಳದ ಬಾವುಟ ಹೊಲಿದ ನೀಲವ್ವ

ಗದಗಿನಲ್ಲಿ ಖೋ ಖೋ ಪಂದ್ಯಾವಳಿ ನಡೆದಿತ್ತು. ನೇಪಾಳದ ತಂಡವೂ ಬಂದಿತ್ತು. ಅವರ ಬಾವುಟವನ್ನು ಹೊಲಿದು ತಂದವಳು ಟೇಲರ್ ನೀಲವ್ವ. ಅದನ್ನು ಬಿಡಿಸಿ ನೋಡಿದ್ದೇ ತಡ, ಕಾರ್ಯದರ್ಶಿ ಶಿವಪುತ್ರಪ್ಪನವರು ಮೈದಾನಕ್ಕೆಲ್ಲ ಕೇಳುವಂತೆ ಕೂಗಾಡಿದರು.

“ಬಾವುಟ ಅಂದ್ರ ನಾಕು ಮೂಲಿ ಇರಬೇಕು. ಇದೇನು, ಒಂದರ ಮ್ಯಾಲೊಂದು ಎರಡು ತ್ರಿಕೋನ! ಉಳಿದ ಬಟ್ಟಿ ಕದ್ದಿ, ಹೌದಿಲ್ಲ?”

ಸುತ್ತ ನಿಂತವರು ನಕ್ಕರು. ನಲವತ್ತು ವರ್ಷ ಹೊಲಿದವಳಿಗೆ ಕಳ್ಳಿಯ ಪಟ್ಟ! ನಾಚಿಕೆಯಿಂದ ನೀಲವ್ವನಿಗೆ ತಲೆ ಎತ್ತಲಾಗಲಿಲ್ಲ. ಚಿತ್ರ ನೋಡಿಯೇ ಹೊಲಿದೆ ಎಂದರೆ ಇವರು ಕೇಳುವವರಲ್ಲ.

“ನಾಕು ಮೂಲಿ ಮಾಡಿ ಕೊಡತೀನ್ರಿ ಸಾಹೇಬ್ರ,” ಎಂದಳು. “ಯಾವ ಬಣ್ಣದ ಬಟ್ಟಿ ಜೋಡಿಸ್ಲಿ ಅಂತ ನೇಪಾಳದವರನ್ನ ನೀವ ಕೇಳಿಬಿಡ್ರಿ.”

ಶಿವಪುತ್ರಪ್ಪನವರು ಬಾವುಟ ಹಿಡಿದು ಹೋಗಿ ನೇಪಾಳದ ಕೋಚ್‌ರನ್ನು ಕೇಳಿಯೇಬಿಟ್ಟರು. ಕೋಚ್ ಬಾವುಟವನ್ನು ಹಣೆಗೊತ್ತಿಕೊಂಡು ಹಿಂದಿಯಲ್ಲಿ ಹೇಳಿದರು: “ನಮ್ಮದು ಇರುವುದೇ ಹೀಗೆ. ಈ ಎರಡು ತುದಿ ನಮ್ಮ ಹಿಮಾಲಯ. ಸೂರ್ಯ ಚಂದ್ರರಿರುವ ತನಕ ದೇಶ ಬಾಳಲಿ ಅಂತ ಅವರಿಬ್ಬರೂ ಇಲ್ಲಿದ್ದಾರೆ. ಇಷ್ಟು ಸರಿಯಾಗಿ ಹೊಲಿದವರು ಯಾರು?”

ಶಿವಪುತ್ರಪ್ಪನವರ ಮುಖ ಇಷ್ಟೇ ಇಷ್ಟಾಯಿತು. ನೀಲವ್ವನ ಹತ್ತಿರ ಬಂದು, ಬೇರೆ ಯಾರಿಗೂ ಕೇಳದಂತೆ, “ತಪ್ಪಾತವ್ವ” ಎಂದರು.

“ಸಣ್ಣ ದನಿ ನನಗ ಕೇಳಸೂದಿಲ್ರಿ,” ಎಂದಳು ನೀಲವ್ವ. “ಆಗ ಬೈದದ್ದು ಮಾತ್ರ ಚಲೋ ಕೇಳಿಸಿತ್ತು.”

ಶಿವಪುತ್ರಪ್ಪನವರು ತಲೆ ತಗ್ಗಿಸಿಕೊಂಡು ಮೈಕಿನ ಕಡೆ ನಡೆದರು.