ಬಣ್ಣದ ಆಕಾಶದ ಊರಿಗೆ ಹೋದ ಗಾಣಿಗ

ಕೂತ್ಕೊಳ್ಳಿ ಮಕ್ಕಳೇ, ಗದ್ದಲ ಬೇಡ. ಏಳು ಕೆರೆಗಳ ಆಚೆ ಒಂದು ರಾಜ್ಯ ಇತ್ತು. ಅಲ್ಲಿ ಭೋಗರಾಯ ಅಂತ ಒಬ್ಬ ರಾಜ ಇದ್ದ. ಅವನ ನೆಲದಲ್ಲಿ ಭತ್ತ ಬೆಳೆಯಲಿಲ್ಲ, ರಾಗಿ ಬೆಳೆಯಲಿಲ್ಲ, ಕೊನೆಗೆ ಹುರುಳಿಯೂ ಬೆಳೆಯಲಿಲ್ಲ. "ಹೋಗಲಿ ಬಿಡು, ಜನರ ಆಸೆಯಂತೂ ಬೆಳೆಯುತ್ತಲ್ಲ, ಅದನ್ನೇ ಕೊಯ್ಯೋಣ" ಅಂದ ರಾಜ. ಅಂದವನೇ ಭೋಗನಗರ ಅಂತ ಒಂದು ಊರು ಕಟ್ಟಿಸಿದ.

ಊರೆಲ್ಲಾ ಒಂದೇ ಸೂರಿನ ಕೆಳಗೆ. ಒಳಗೆ ಸುಣ್ಣ ಬಳಿದ ಹಿಮಾಲಯ. ತೊಟ್ಟಿಯಲ್ಲಿ ಗಂಗೆ, ಗಂಗೆಯಲ್ಲಿ ದೋಣಿ. ತಲೆಯ ಮೇಲೆ ನೀಲಿ ಬಣ್ಣದ ಆಕಾಶ, ಅದರಲ್ಲಿ ಬಿಳಿ ಮೋಡ. ಖರ್ಚು ಕಡಿಮೆಯಾಗಲಿ ಅಂತ ಆ ಆಕಾಶವನ್ನು ರಾಜ ಸ್ವಲ್ಪ ತಗ್ಗಿನಲ್ಲೇ ಕಟ್ಟಿಸಿದ್ದ. ಕೆಳಗೆ ಸಾಲು ಸಾಲು ಪಗಡೆ ಹಾಸು, ಸಾವಿರ ದೀಪ. ಊಟ ಪುಕ್ಕಟೆ, ಹಾಸಿಗೆ ಪುಕ್ಕಟೆ, ಎಲೆ ಅಡಿಕೆ ಪುಕ್ಕಟೆ. ಇಲ್ಲದ್ದು ಮೂರೇ: ಕಿಟಕಿ, ಹೊತ್ತು ಹೇಳುವ ಗಂಟೆ, ಬೆಳಗಾಯಿತು ಅಂತ ಕೂಗುವ ಕೋಳಿ. ಕೋಳಿ ಇತ್ತು ಅನ್ನಿ, ಸಾರಿನಲ್ಲಿ.

ಪಕ್ಕದ ಸೀಮೆಯಲ್ಲಿ ಕರಿಬಸಪ್ಪ ಅಂತ ಒಬ್ಬ ಗಾಣಿಗ. ಕಣ್ಣಿಗೆ ಬಟ್ಟೆ ಕಟ್ಟಿಸಿಕೊಂಡು ದಿನವೆಲ್ಲಾ ಅವನ ಎಣ್ಣೆಗಾಣ ತಿರುಗಿಸುವ ಎತ್ತಿನ ಹೆಸರು ಚೆಲುವ. ಅದಕ್ಕೆ ಮಾತು ಬರುತ್ತಿತ್ತು. ಆದರೆ ಕೇಳುವವರು ಕಡಿಮೆ ಅಂತ ಹೆಚ್ಚು ಆಡುತ್ತಿರಲಿಲ್ಲ. ಕರಿಬಸಪ್ಪನ ಒಬ್ಬಳೇ ಮಗಳು ನೀಲವ್ವನಿಗೆ ಮುಂದಿನ ಹುಣ್ಣಿಮೆಗೆ ಮದುವೆ ಗೊತ್ತಾಗಿತ್ತು.

"ಮದುವೆ ಓಡಾಟಕ್ಕೆ ಮುಂಚೆ ಭೋಗನಗರ ನೋಡ್ಕೊಂಡು ಬರ್ತೀನಿ. ಮೂರೇ ದಿನ" ಅಂದ ಕರಿಬಸಪ್ಪ.

ನೀಲವ್ವ ಅಂದು ಗೋರಂಟಿ ಅರೆದಿದ್ದಳು. ಅಪ್ಪನ ಕಿರುಬೆರಳಿನ ಉಗುರಿಗೂ ಒಂಚೂರು ಮೆತ್ತಿದಳು. "ಇದು ಮಾಸೋದ್ರೊಳಗೆ ಬಾ ಅಪ್ಪಾ. ನೀನಿಲ್ದೆ ನಾನು ಹಸೆಮಣೆ ಏರಲ್ಲ" ಅಂದಳು. ಕರಿಬಸಪ್ಪ ಗಾಡಿ ಹೂಡಿದ. ದಾರಿ ಖರ್ಚಿಗೆ ಇರಲಿ ಅಂತ ಎರಡು ಕೊಡ ಎಣ್ಣೆ ಹೇರಿಕೊಂಡ. ಒಂದು ದಿನದ ಹಾದಿ ನಡೆದು ಊರು ಸೇರಿದರು. ಚೆಲುವನನ್ನು ಬಾಗಿಲಾಚೆ ಗೂಟಕ್ಕೆ ಕಟ್ಟಿ ಒಳಗೆ ಹೋದ.

ಹೋದವನು ಹಿಮಾಲಯಕ್ಕೆ ಕೈ ಮುಗಿದ. ಗಂಗೆಯಲ್ಲಿ ಕಾಲು ಅದ್ದಿದ. ಕಾಶಿಗೆ ಹೋಗುವ ಖರ್ಚು ಉಳಿಯಿತು ಅಂತ ಸಂತೋಷಪಟ್ಟ. ಆಮೇಲೆ, ಸುಮ್ಮನೆ ನೋಡೋಣ ಅಂತ ಪಗಡೆ ಹಾಸಿನ ಮುಂದೆ ಕೂತ. ಸುಮ್ಮನೆ ನೋಡೋಣ ಅಂದವರೇ ಆ ಊರಿನ ಬೆಳೆ, ಮಕ್ಕಳೇ.

ಮೊದಲು ಎಣ್ಣೆ ಕೊಡ ಪಣಕ್ಕಿಟ್ಟ. ಸೋತ. ಅವನ ಎಣ್ಣೆ ಅವನ ತಲೆಯ ಮೇಲಿನ ದೀಪಕ್ಕೇ ಹೋಯಿತು. ಬಾಗಿಲಿಗೆ ಬಂದಾಗ ಚೆಲುವ ಅಂದಿತು: "ಯಜಮಾನ, ಐದು ಸಲ ಸೂರ್ಯ ಹುಟ್ಟಿದ. ಮನೆಗೆ ಹೋಗೋಣ."

"ಎತ್ತಿಗೇನು ಗೊತ್ತು ಲೆಕ್ಕ? ಇನ್ನೂ ಒಂದೇ ದಿನ ಆಗಿರೋದು" ಅಂದು ಒಳಗೆ ಹೋದ.

ಎರಡನೇ ಸಲ ಗಾಡಿ ಪಣಕ್ಕಿಟ್ಟ. ಸೋತ. "ಯಜಮಾನ, ಹದಿನಾರು ಸಲ ಸೂರ್ಯ ಹುಟ್ಟಿದ" ಅಂದಿತು ಚೆಲುವ. "ಸುಮ್ನಿರು, ಈಗಷ್ಟೇ ಊಟ ಆಯ್ತು" ಅಂದ ಕರಿಬಸಪ್ಪ.

ಮೂರನೇ ಸಲ ಬಂದವನು ಚೆಲುವನ ಹಗ್ಗವನ್ನೇ ಬಿಚ್ಚಿದ. "ಇದೊಂದು ಸಲ ಗೆದ್ದರೆ ಎಲ್ಲಾ ವಾಪಸ್ಸು ಕಣೋ."

"ಇಪ್ಪತ್ತೇಳು ಸಲ ಹುಟ್ಟಿದ ಯಜಮಾನ. ನಾಳಿದ್ದು ಹುಣ್ಣಿಮೆ." ಕರಿಬಸಪ್ಪ ನಂಬಲಿಲ್ಲ. ಎತ್ತನ್ನು ಎಳೆದುಕೊಂಡು ಒಳಗೆ ಹೋದ.

ಒಳಗೆ ಕಾಲಿಟ್ಟ ಚೆಲುವ ಸುತ್ತ ನೋಡಿತು. ಜನ ಕೂತಲ್ಲೇ ಕೂತಿದ್ದರು. ಎಲ್ಲೋ ಬಹಳ ದೂರ ಬಂದೆವು, ಇನ್ನೇನು ತಲುಪಿದೆವು ಅನ್ನುವ ಮುಖ ಎಲ್ಲರದ್ದೂ. 'ಅರೆ, ಇದು ನಮ್ಮ ಗಾಣವೇ! ನನ್ನ ಕಣ್ಣಿಗೆ ಬಟ್ಟೆ ಕಟ್ಟಿದವನು ಈಗ ತಾನೇ ಕಟ್ಟಿಕೊಂಡು ಕೂತಿದ್ದಾನೆ' ಅಂದುಕೊಂಡಿತು. ಅದಕ್ಕೆ ನಗುವೂ ಬಂತು, ಅಳುವೂ ಬಂತು.

ಕರಿಬಸಪ್ಪ ದಾಳ ಕೈಯಲ್ಲಿ ಹಿಡಿದ. ಅಷ್ಟರಲ್ಲಿ ಒಂದು ದೀಪ ಚಟಪಟ ಅಂದು ಆರಿತು. ಇನ್ನೊಂದು ಆರಿತು. ಮತ್ತೊಂದೂ ಆರಿತು. ಭೋಗರಾಯ ಎದ್ದು ಬಿದ್ದು ಓಡಿ ಬಂದ.

"ಎಣ್ಣೆ ಎಲ್ರೋ? ಗಾಣಿಗರು ಎಲ್ಲಿ ಸತ್ತರು?"

"ಇಲ್ಲೇ ಇದೀವಿ ಬುದ್ಧೀ" ಅಂತ ಒಂಬತ್ತು ಜನ ಒಂದೊಂದು ಹಾಸಿನಿಂದ ಕೈ ಎತ್ತಿದರು. ಎಣ್ಣೆ ಮಾರಲು ಬಂದವರು, ಊರು ನೋಡಲು ಬಂದವರು, ಎಲ್ಲರೂ ಅಲ್ಲೇ ಕೂತುಬಿಟ್ಟಿದ್ದರು.

"ಒಬ್ಬನನ್ನಾದರೂ ಮನೆಗೆ ಬಿಡಿ ಪ್ರಭು, ಎಣ್ಣೆ ತೆಗೆದು ತರಲಿ" ಅಂದ ಮಂತ್ರಿ.

"ಬಿಟ್ಟರೆ ತಿರುಗಿ ಬರ್ತಾನೇನಯ್ಯಾ?" ಅಂದ ರಾಜ.

ಆಗ ಚೆಲುವ ಬಾಯಿ ಬಿಟ್ಟಿತು. "ಯಾರನ್ನೂ ಬಿಡಬೇಡಿ ಪ್ರಭು. ಗಾಣವನ್ನೇ ಒಳಗೆ ತರಿಸಿ. ನಾನು ಇಲ್ಲೇ ತಿರುಗ್ತೀನಿ, ನನ್ನ ಯಜಮಾನ ಆಡ್ತಾ ಆಡ್ತಾ ಎಳ್ಳು ಹಾಕಲಿ."

ರಾಜನಿಗೆ ಖುಷಿಯೋ ಖುಷಿ. "ಎತ್ತಿಗಿರೋ ಬುದ್ಧಿ ಮಂತ್ರಿಗಿಲ್ಲ ನೋಡು" ಅಂದ. ಭಟರು ಪಕ್ಕದ ಹಳ್ಳಿಯಿಂದ ಗಾಣ ಹೊತ್ತು ತಂದರು. ನಿಲ್ಲಿಸಲು ಹೋದರೆ ಕಂಬ ಹೋಗಿ ಮೋಡಕ್ಕೆ ತಾಗಿತು. ಇತ್ತ ನೂರು ದೀಪ ಆರಿದವು. "ಆಕಾಶ ಸ್ವಲ್ಪ ತೆಗೀಬೇಕಾಗುತ್ತೆ ಪ್ರಭು. ಒಂದು ಮಾರಗಲ ಸಾಕು" ಅಂದಿತು ಚೆಲುವ. "ತೆಗೀರೋ, ಬೇಗ ತೆಗೀರೋ!" ಅಂತ ರಾಜನೇ ಕೂಗಿದ.

ಭಟರು ಹಾರೆ ಹಾಕಿ ಮೋಡ ಕಿತ್ತರು. ಮಟಮಟ ಮಧ್ಯಾಹ್ನದ ಬಿಸಿಲು ಧೊಪ್ಪನೆ ಒಳಗೆ ಬಿತ್ತು.

ಬೆಳಕಿನಲ್ಲಿ ಕಂಡಿತು ನೋಡಿ ಊರು. ಹಿಮಾಲಯದ ಸುಣ್ಣ ಉದುರಿತ್ತು. ಗಂಗೆಯಲ್ಲಿ ಪಾಚಿ ಕಟ್ಟಿತ್ತು. ರಾಜನ ಕಿರೀಟ ಹಿತ್ತಾಳೆಯದು. ಆಡುವವರು ಒಬ್ಬರ ಮುಖ ಒಬ್ಬರು ನೋಡಿ, ಗಡ್ಡ ಮುಟ್ಟಿಕೊಂಡು, ಹೆದರಿ ಎದ್ದು ನಿಂತರು. ಕರಿಬಸಪ್ಪ ತನ್ನ ಕಿರುಬೆರಳು ನೋಡಿಕೊಂಡ. ದೀಪದ ಬೆಳಕಿನಲ್ಲಿ ಕಾಣದಿದ್ದ ಗೋರಂಟಿ ಈಗ ಕಂಡಿತು. ಅದು ಉಗುರಿನ ಬುಡ ಬಿಟ್ಟು ಮೇಲೆ ಸರಿದಿತ್ತು. ಬುಡದಲ್ಲಿ ಬೆಳ್ಳಗೆ ಒಂದು ತಿಂಗಳು ಬೆಳೆದಿತ್ತು.

"ಅಯ್ಯೋ ನನ್ನ ಮಗಳೇ!" ಅಂತ ದಾಳ ಬಿಸಾಕಿದ. ಒಂಬತ್ತು ಗಾಣಿಗರೂ ಬಿಸಾಕಿದರು. ಉಳಿದವರೂ ಬಿಸಾಕಿದರು. "ಮುಚ್ಚಿ, ಆಕಾಶ ಮುಚ್ಚಿ!" ಅಂತ ರಾಜ ಬಡಕೊಂಡ. ಯಾರು ಕೇಳುತ್ತಾರೆ? ಸೋತಿದ್ದ ತಮ್ಮ ತಮ್ಮ ಗಾಡಿ ಎಳೆದುಕೊಂಡು ಎಲ್ಲರೂ ಹೊರಟರು. ಕರಿಬಸಪ್ಪ ಚೆಲುವನ ಜೊತೆ ಹುಣ್ಣಿಮೆಯ ಬೆಳಿಗ್ಗೆ ಚಪ್ಪರದ ಕೆಳಗೆ ಬಂದು ನಿಂತ. ನೀಲವ್ವ ಹಸೆಮಣೆ ಏರಿದಳು.

ಇತ್ತ ಭೋಗರಾಯನ ಹತ್ತಿರ ಗಾಣ ಇತ್ತು, ಎತ್ತಿರಲಿಲ್ಲ. ದೀಪ ಉರಿಯಬೇಕಲ್ಲ, ತಾನೇ ನೊಗಕ್ಕೆ ಹೆಗಲು ಕೊಟ್ಟ. ಸುತ್ತಿ ಸುತ್ತಿ ತಲೆ ತಿರುಗಿತು ಅಂತ ಮಂತ್ರಿ ಅವನ ಕಣ್ಣಿಗೆ ಬಟ್ಟೆ ಕಟ್ಟಿದ. ಈಗಲೂ ಅವನು ಬಹಳ ದೂರ ಬಂದಿದ್ದೇನೆ ಅಂದುಕೊಂಡು ತಿರುಗುತ್ತಿದ್ದಾನಂತೆ.

ಮದುವೆ ಮುಗಿದ ಮೇಲೆ ಕರಿಬಸಪ್ಪ ಗಾಣದ ಹತ್ತಿರ ಬಂದ. ಕಣ್ಣಿಗೆ ಕಟ್ಟುವ ಬಟ್ಟೆ ಹಿಡಿದು ನಾಚಿಕೆಯಿಂದ ನಿಂತ.

"ಕಟ್ಟು ಯಜಮಾನ, ಇಲ್ದಿದ್ರೆ ತಲೆ ಸುತ್ತುತ್ತೆ" ಅಂದಿತು ಚೆಲುವ. "ಸಂಜೆ ಆದ್ರೆ ಬಿಚ್ಚೋಕೆ ನನಗೆ ನೀನಿದೀಯ. ಅಲ್ಲಿ ನಿನಗೆ ಯಾರಿದ್ರು?"

ಇದೇ ಮಕ್ಕಳೇ ನೀತಿ. ಹೊತ್ತು ಮರೆಸುವ ಜಾಗದಲ್ಲಿ ಯಾವುದೂ ಪುಕ್ಕಟೆ ಅಲ್ಲ. ಅಲ್ಲಿ ಉಂಡ ಊಟಕ್ಕೆ ನಮ್ಮ ದಿನಗಳನ್ನೇ ಕೊಟ್ಟು ಬರಬೇಕು. ಸರಿ, ಕಥೆ ಆಯಿತು. ಯಾರಾದರೂ ಹೊರಗೆ ಹೋಗಿ ಹೊತ್ತೆಷ್ಟಾಯಿತು ನೋಡಿ ಬನ್ನಿ.