ಗುರುಪಾದ ಖರ್ಚು ಕಳೆದದ್ದು

ಹೂಂ ಅನ್ನುವವರು ಹೂಂ ಅನ್ನಿ, ಹೇಳುತ್ತೇನೆ. ಒಂದೂರಿನಲ್ಲಿ ಕಾಶವ್ವ ಅಂತ ಒಬ್ಬ ತಾಯಿ. ಅವಳಿಗೆ ಬಾಯಲ್ಲಿ ಹಲ್ಲಿಲ್ಲ, ಅವಳ ಮಗನಿಗೆ ತಲೆಯಲ್ಲಿ ಬುದ್ಧಿಯಿಲ್ಲ. ಮಗ ಗುರುಪಾದ ನೌಕರಿ ಗೀಕರಿ ಅಂತ ಹೋಗದೆ ಮನೆಯಲ್ಲೇ ಕೂತು ಪತ್ರಿಕೆಗಳಿಗೆ ಬರೆಯುತ್ತಿದ್ದ. ಬರೆಯುವುದೇನೋ ಚೆನ್ನಾಗಿಯೇ ಬರೆಯುತ್ತಿದ್ದ. ಆದರೆ ಯಾರು ಏನು ಹೇಳಿದರೂ ಹೇಳಿದಷ್ಟನ್ನೇ ಮಾಡುತ್ತಿದ್ದ, ಅದೇ ಕಷ್ಟ.

ಪತ್ರಿಕೆಯವರು ತೆರಿಗೆ ಅಂತ ಒಂದಿಷ್ಟು ಮೊದಲೇ ಹಿಡಿದುಕೊಂಡು ಉಳಿದದ್ದು ಕೊಡುತ್ತಿದ್ದರು. ಬರವಣಿಗೆಗೆ ಮಾಡಿದ ಖರ್ಚು ತೋರಿಸಿದರೆ ಹಿಡಿದದ್ದು ವಾಪಸ್ ಬರುತ್ತದೆ ಅಂದರು ಆಡಿಟರ್ ಗುಂಡೇರಾಯರು. ಕಾಶವ್ವ ಅಲ್ಲೇ ನಿಶ್ಚಯ ಮಾಡಿದಳು, ಆ ಹಣದಲ್ಲಿ ಹಲ್ಲಿನ ಸೆಟ್ಟು ಹಾಕಿಸಿಕೊಳ್ಳಬೇಕು. ಗಂಜಿ ಕುಡಿದು ಕುಡಿದು ಅವಳಿಗೆ ಸಾಕಾಗಿತ್ತು. ಸಾಯುವುದರೊಳಗೆ ಒಂದು ಖಡಕ್ ರೊಟ್ಟಿ ಕಡಿಯಬೇಕು.

ಆದ ಖರ್ಚನ್ನೆಲ್ಲ ಬರೆದಿಡು ಅಂದಳು. ಗುರುಪಾದ ಪೇಟೆಗೆ ಹೋಗಿ ಒಂದು ಪೆನ್ನು ತಂದ. ತಂದು ಬರೆದ. ಅಂಗಡಿ ಈರಪ್ಪನ ಮೀಸೆ, ದಾರಿಯಲ್ಲಿ ಅಡ್ಡ ಬಂದ ಎಮ್ಮೆ, ಎಮ್ಮೆಯ ಕಣ್ಣು, ಹನ್ನೆರಡು ಪುಟ ಬರೆದ. ಪೆನ್ನಿನ ಬೆಲೆ ಮಾತ್ರ ಎಲ್ಲೂ ಇಲ್ಲ. ತಾಯಿ ಹಣೆ ಚಚ್ಚಿಕೊಂಡಳು.

"ಕಥಿ ಯಾರ್ ಕೇಳಿದ್ರೋ? ಚೀಟಿ ಬೇಕು. ಚೀಟಿ ಕೊಡೂತನಕ ಅಂಗಡ್ಯಾಗಿಂದ ಕಾಲು ತಗೀಬ್ಯಾಡ."

ಆಗಲಿ ಯವ್ವಾ ಅಂದ. ಮರುದಿನ ಕಾಗದ ಕೊಂಡ. ಚೀಟಿ ಪುಸ್ತಕ ಮುಗಿದಿದೆ, ನಾಳೆ ಬಾ ಅಂದ ಈರಪ್ಪ. ಗುರುಪಾದ ಕಾಲು ತೆಗೆಯಲಿಲ್ಲ. ಊಟದ ಹೊತ್ತಾಯಿತು, ಈರಪ್ಪ ಶಟರ್ ಎಳೆಯಬೇಕು. ಇವನು ಮೈಯೆಲ್ಲ ಬೀದಿಯಲ್ಲಿ ಚೆಲ್ಲಿ, ಒಂದು ಕಾಲನ್ನು ಮಾತ್ರ ಒಳಗಿಟ್ಟು ಮಲಗಿದ. ನೋಡಲು ಜನ ಸೇರಿತು. ಕೊನೆಗೆ ಈರಪ್ಪ ಬೀಡಿ ಕಟ್ಟಿನ ಕಾಗದದ ಮೇಲೆ ಚೀಟಿ ಬರೆದುಕೊಟ್ಟು ಕಾಲು ಬಿಡಿಸಿಕೊಂಡ.

ಹೀಗೆ ಚೀಟಿಗಳ ಕಟ್ಟು ಬೆಳೆಯಿತು. ಮನೆಗೂ ಬರವಣಿಗೆಗೂ ಒಂದೇ ಫ್ಯಾನಿದ್ದರೆ ಅರ್ಧ ಮಾತ್ರ ತೋರಿಸು ಅಂತ ರಾಯರು ಹೇಳಿಕಳಿಸಿದರು. ಗುರುಪಾದ ಟೇಬಲ್ ಫ್ಯಾನಿಗೆ ತಾಯಿಯ ಇಳಕಲ್ ಸೀರೆಯನ್ನು ಅರ್ಧಕ್ಕೆ ಸುತ್ತಿ, ತಲೆ ಮೇಲೆ ಹೊತ್ತುಕೊಂಡು ಹೋಗಿ ರಾಯರ ಮೇಜಿನ ಮೇಲಿಟ್ಟ. ರಾಯರು ಸೀರೆಗೆ ಕೈ ಹಾಕಿದರು.

"ಆ ಕಡೆ ನೋಡಬ್ಯಾಡ್ರಿ ಸರ್, ಅದು ನಮ್ಮವ್ವಂದು."

ಸುದ್ದಿ ಕೇಳಿ ಕಾಶವ್ವ ಹಲ್ಲು ಕಡಿಯಬೇಕೆಂದುಕೊಂಡಳು. ಹಲ್ಲಿದ್ದರಲ್ಲವೇ!

ರಾಯರು ತಾಳ್ಮೆಯ ಮನುಷ್ಯರು. "ತಮ್ಮಾ, ಇನ್ನ ತೋರಸೂದು ಬ್ಯಾಡ. ನಿನ್ನ ಗಳಿಕಿಯೊಳಗ ಈ ಚೀಟಿ ಎಲ್ಲಾ ಕಳಿ. ಒಂದೂ ಬಿಡಬ್ಯಾಡ. ಪೂರ್ತಿ ಕಳೆದ ಮ್ಯಾಲೆ ಬಾ. ತಿಂಗಳ ಕೊನಿಗೆ ಗಡುವು," ಅಂದರು.

ಗುರುಪಾದ ಕಳೆಯಲು ಹೊರಟ. ಕಟ್ಟನ್ನು ಬಸ್ಸಿನಲ್ಲಿ ಬಿಟ್ಟು ಇಳಿದ. ಕಂಡಕ್ಟರ್ ಸೀಟಿ ಊದಿ ಕರೆದು ಕೈಗಿತ್ತ. ಗಿರಣಿಯಲ್ಲಿ ಬಿಟ್ಟು ಬಂದ. ಜೋಳದ ಹಿಟ್ಟಿನ ಜೊತೆ ಮನೆಗೇ ಬಂತು. ಊರಿನ ಜನ ಎಷ್ಟು ಒಳ್ಳೆಯವರೆಂದರೆ ಏನನ್ನೂ ಕಳೆಯಗೊಡಲಿಲ್ಲ. ಪಾಪ, ಗುರುಪಾದ ಕೂತು ಯೋಚಿಸಿದ. ಕಳಿಸಿದ್ದು ಎಂದೂ ಹಿಂದಕ್ಕೆ ಬಾರದ ಜಾಗ ಯಾವುದು? ಹೊಳೆಯಿತು. ದೂರದ ಊರಿನ ಒಂದು ಮಾಸಪತ್ರಿಕೆಗೆ ಅವನು ಒಂಬತ್ತು ಕಥೆ ಕಳಿಸಿದ್ದ, ಒಂದೂ ತಿರುಗಿ ಬಂದಿರಲಿಲ್ಲ. ಚೀಟಿಗಳನ್ನೆಲ್ಲ ಲಕೋಟೆಗೆ ಹಾಕಿ ಅದರ ಸಂಪಾದಕರಿಗೆ ಅಂಚೆಗೆ ಹಾಕಿದ. ಪೂರ್ತಿ ಕಳೆದೆ ಅಂತ ತಾಯಿಗೆ ಹೇಳಿದ. ಅವಳು ಸಂತೋಷಪಟ್ಟು ಹಲ್ಲಿನ ಡಾಕ್ಟರ ಬಳಿ ಬಾಯಿಯ ಅಳತೆಯನ್ನೂ ಕೊಟ್ಟು ಬಂದಳು.

ವಾರದ ಮೇಲೆ ಸಂಪಾದಕರ ಫೋನು ಬಂತು. ಫೋನಿನ ದನಿ ಅಡುಗೆಮನೆಗೂ ಕೇಳುವಷ್ಟು ಜೋರು. ನೀವು ಕಳಿಸಿದ ಚೀಟಿಗಳ ಕಟ್ಟು ಹೊಸ ಬಗೆಯ ಕವಿತೆ, ಈ ತಿಂಗಳು ಹಾಕುತ್ತೇವೆ, ಅಂದರು. ಮೂಲ ಚೀಟಿಗಳು ವಾಪಸ್ ಬೇಕೇನು, ಬೇಕಾದರೆ ಇವತ್ತೇ ಕಳಿಸುತ್ತೇವೆ, ಅಂದರು.

ಕಾಶವ್ವನಿಗೆ ಎಲ್ಲ ತಿಳಿಯಿತು. ಗಡುವಿಗಿನ್ನೂ ಐದು ದಿನವಿತ್ತು. ಬಾಯ್ತುಂಬ ಗಂಜಿ, ಮಾತು ಹೊರಡದು. ಓಡಿ ಬಂದು ಎರಡೂ ಕೈ ಚಾಚಿ ಬೇಕು, ಬೇಕು ಅಂತ ತಲೆ ಆಡಿಸಿದಳು. ಗುರುಪಾದ ತಾಯಿಯ ಸಂಭ್ರಮ ನೋಡಿ ನಕ್ಕ.

"ಬ್ಯಾಡ್ರಿ ಸರ್. ಭಾಳ ಕಷ್ಟಪಟ್ಟು ಕಳದೀನಿ. ಮತ್ತ ಯಾರರ ತಂದುಕೊಟ್ಟಾರು, ಅಲ್ಲೇ ಹರಿದು ಹಾಕಿಬಿಡ್ರಿ."

ಆಗಲಿ ಅಂದರು ಸಂಪಾದಕರು. ಫೋನಿನಲ್ಲಿ ಚರ್ ಚರ್ ಅಂತ ಸದ್ದು ಕೇಳಿಸಿತು. ಕಾಶವ್ವ ಗಂಜಿ ನುಂಗುವಷ್ಟರಲ್ಲಿ ಮಗ ಚಪ್ಪಲಿ ಮೆಟ್ಟಿಕೊಂಡು ಬಾಗಿಲಲ್ಲಿ ನಿಂತಿದ್ದ.

"ನಡಿ ಯವ್ವಾ, ರಾಯರ ಹಂತ್ಯಾಕ ಹೋಗೂಣು. ಈಗ ಒಂದೂ ಉಳಿದಿಲ್ಲ."